ಬಿಸಿಲಿಗೂ ಆರದ ಹನಿಗಳು

ಟಿಣ್. ಸ್ಟೀಲ್ ತಟ್ಟೆಯ ಅಂಚಿಗೆ ಒಂದೇ ಒಂದು ಬಳೆ ತಾಗಿದ ಸದ್ದು. ಆ ಸದ್ದಿಗೆ ನಾನು ತಲೆಯೆತ್ತುವಷ್ಟರಲ್ಲಿ ನನ್ನ ತಟ್ಟೆಯಿಂದ ಏನೋ ಒಂದು ಮಾಯವಾಗಿರುತ್ತಿತ್ತು. ಅರ್ಧ ಹಪ್ಪಳ, ಹುಳಿಯೊಳಗಿನ ನುಗ್ಗೇಕಾಯಿ, ಇಲ್ಲವೇ ನಾನು ಕೊನೆಗೆಂದು ಎತ್ತಿಟ್ಟುಕೊಂಡಿದ್ದ ಮೈಸೂರು ಪಾಕಿನ ತುಂಡು. ಎದುರಿಗೆ ಕೂತ ನನ್ನ ನಾದಿನಿ ವಿಶಾಲು ಕಿಟಕಿಯಾಚೆ ನೋಡುತ್ತಾ, ಪರಮ ಸಾಧುವಿನ ಹಾಗೆ ಅಗಿಯುತ್ತಿರುತ್ತಿದ್ದಳು.

ಮೊನ್ನೆ ಭಾನುವಾರ ಜಯನಗರ ಫೋರ್ತ್ ಬ್ಲಾಕಿನ ದರ್ಶಿನಿಯೊಂದರಲ್ಲಿ ಆ ಸದ್ದು ಮತ್ತೆ ಕೇಳಿಸಿತು. ನಿಂತು ತಿನ್ನುವ ಟೇಬಲ್ಲು. ಪಕ್ಕದಲ್ಲಿ ಕಾಲೇಜು ಹುಡುಗಿಯರಿಬ್ಬರು. ಒಬ್ಬಳು ಮಾತಿನ ನಡುವೆಯೇ ಗೆಳತಿಯ ತಟ್ಟೆಯಿಂದ ವಡೆ ಮುರಿದುಕೊಂಡಳು. ಟಿಣ್.

"ಲೇ, ನೀನೇ ಒಂದು ತಗೋಬಾರ್ದೇನೇ?"

"ನಂಗ್ ಬೇಡ ಕಣೇ. ಸುಮ್ನೆ ಟೇಸ್ಟ್ ನೋಡ್ದೆ."

ಅಕ್ಷರಶಃ ವಿಶಾಲುವಿನ ಡೈಲಾಗು. ವಿಶಾಲು ತೀರಿಹೋಗಿ ವರ್ಷ ದಾಟಿತು. ನಾನು ಕೈಯಲ್ಲಿದ್ದ ಕಾಫಿ ಆರುವವರೆಗೂ ಆ ಹುಡುಗಿಯ ಬಳೆಯನ್ನೇ ನೋಡುತ್ತಾ ನಿಂತಿದ್ದೆ. ಅವರು ನನ್ನನ್ನು ಒಂಥರಾ ನೋಡಿದರು. ನೋಡಲಿ.

ಅವಳು ನನ್ನ ಮನೆಗೆ ಬಂದದ್ದು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ಹದಿನೈದು ದಿನಕ್ಕೆಂದು. ಎಡಗಣ್ಣಿನ ಪೊರೆ ತೆಗೆಸಿದ್ದರು. ಅವಳಿದ್ದದ್ದು ಶ್ರೀನಗರದಲ್ಲಿ ತಮ್ಮನ ಮಗಳ ಮನೆಯಲ್ಲಿ. ಮೂರನೇ ಮಹಡಿ, ಲಿಫ್ಟಿಲ್ಲ, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಲು ಹಗಲಲ್ಲಿ ಯಾರೂ ಇರುವುದಿಲ್ಲ. ನನ್ನದು ಗ್ರೌಂಡ್ ಫ್ಲೋರ್, ನಾನು ರಿಟೈರ್ ಆದ ಇಂಗ್ಲಿಷ್ ಟೀಚರ್, ಯಜಮಾನರು ಹೋದಮೇಲೆ ಎರಡು ರೂಮು ಖಾಲಿ. ಬಾ ಎಂದೆ. ಒಂದು ರೆಕ್ಸಿನ್ ಬ್ಯಾಗು, ಕಪ್ಪು ಕನ್ನಡಕ, ಕೈಯಲ್ಲಿ ಸವೆದು ತಂತಿಯಷ್ಟಾದ ಒಂದು ಚಿನ್ನದ ಬಳೆ. ಅಷ್ಟನ್ನೇ ಹೊತ್ತುಕೊಂಡು ಆಟೋದಿಂದ ಇಳಿದಳು.

ಬಲಗಣ್ಣೂ ಆಗಬೇಕಿತ್ತು. ಹದಿನೈದು ದಿನ ಕಳೆದು ತೋರಿಸಲು ಹೋದಾಗ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, ರಿಪೋರ್ಟ್ ನೋಡಿ ಪೆನ್ನು ಕೆಳಗಿಟ್ಟಳು.

"ಆಂಟಿ, ಈ ಶುಗರ್ ಇಟ್ಕೊಂಡು ನಾನು ಆ ಕಣ್ಣು ಮುಟ್ಟಲ್ಲ. ಮೊದಲ್ನೇ ಸಲಕ್ಕಿಂತ ಜಾಸ್ತಿ ಆಗಿದೆ. ಏನ್ ತಿಂತಿದೀರಾ?"

"ಏನೂ ಇಲ್ಲ ಡಾಕ್ಟ್ರೇ. ಒಂದು ಚಪಾತಿ, ಸೊಪ್ಪು," ಎಂದಳು ವಿಶಾಲು. ಸುಳ್ಳಲ್ಲ. ಅವಳ ತಟ್ಟೆಯಲ್ಲಿ ಇರುತ್ತಿದ್ದದ್ದು ಅಷ್ಟೇ.

"ನೆಗ್ಲೆಕ್ಟ್ ಮಾಡಿದ್ರೆ ಆ ಕಣ್ಣು ಹೋಗುತ್ತೆ. ಶುಗರ್ ಇಳಿಸ್ಕೊಂಡು ಬನ್ನಿ, ದಸರಾ ಒಳಗೆ ಮುಗಿಸೋಣ."

ಹೊರಗೆ ಬಂದಮೇಲೆ ಬಸ್ ಸ್ಟಾಪಿನಲ್ಲಿ ಅವಳು ಬರುವ ಬಸ್ಸುಗಳ ಬೋರ್ಡನ್ನೇ ನೋಡುತ್ತಾ ನಿಂತಳು. ಆಮೇಲೆ, "ಬಸ್ ನಂಬರ್ ಓದೋಕೆ ಬಂದ್ರೆ ಸಾಕಾಗಿತ್ತು ಅತ್ತಿಗೆ," ಎಂದಳು. "ಒಂದೇ ಕಣ್ಣಲ್ಲಿ ದೂರದ್ದು ಅಂದಾಜಾಗಲ್ಲ. ಪ್ರತೀ ಸಲ ಪಕ್ಕದೋರ್ನ ಕೇಳ್ಬೇಕು, ಇದ್ಯಾವ್ದು, ಇದ್ಯಾವ್ದು ಅಂತ. ನಂಗೆ ಕೇಳೋದು ಆಗಲ್ಲ."

ಕೇಳುವುದು ಆಗುವುದಿಲ್ಲ. ಆ ಮಾತನ್ನು ನಾನು ಅವತ್ತು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಡೈನಿಂಗ್ ಟೇಬಲ್ಲು ಹಿತ್ತಲ ಕಿಟಕಿಗೆ ತಾಗಿದೆ. ಆ ಕಿಟಕಿಯ ಗ್ರಿಲ್ಲಿಗೂ ದಾಸವಾಳದ ಗಿಡಕ್ಕೂ ನಡುವೆ ಆ ಮಳೆಗಾಲದಲ್ಲಿ ಒಂದು ಜೇಡ ಬಲೆ ಕಟ್ಟಿತ್ತು. ತಟ್ಟೆಯಗಲದ ಬಲೆ, ಮಧ್ಯದಲ್ಲಿ ಬಿಳಿ ದಾರದಿಂದ ಎಂಬ್ರಾಯ್ಡರಿ ಮಾಡಿದ ಹಾಗೆ ಅಂಕುಡೊಂಕು ಗೆರೆ. ಹೊಟ್ಟೆಯ ಮೇಲೆ ಹಳದಿ ಪಟ್ಟೆ ಇದ್ದ ಆ ಜೇಡ ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ಇಂಗ್ಲಿಷಿನ ಎಕ್ಸ್ ಅಕ್ಷರದಂತೆ, ತಲೆಕೆಳಗಾಗಿ ಕೂತಿರುತ್ತಿತ್ತು. ಬಲೆಯ ಅಂಚಿನಲ್ಲಿ ಐದಾರು ನೀರಹನಿ ಮಿನುಗುತ್ತಿದ್ದವು. ನಾನು ಅದನ್ನು ತಿಂಗಳಿಂದ ನೋಡಿದ್ದೆ. ನೋಡಿದ್ದೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ವಿಶಾಲು ಕನ್ನಡಕ ತೆಗೆದು ಹೊಸ ಕಣ್ಣನ್ನು ಕಿಟಕಿಗೆ ಹಚ್ಚಿದಳು.

"ಅತ್ತಿಗೆ, ಬೆಳಿಗ್ಗೆಯಿಂದ ಬಿಸಿಲಿದೆ ಅಲ್ವಾ?"

"ಇದೆ. ಯಾಕೆ?"

"ಈ ಹನಿ ಯಾಕೆ ಆರಿಲ್ಲ?"

ನಾನು ಎದ್ದು ಹೋಗಿ ನೋಡಿದೆ. ಹನಿಯೊಂದು ನಡೆಯಿತು! ಮೈ ಝುಂ ಎಂದಿತು. ಹನಿಯಲ್ಲ, ಅಕ್ಕಿನುಚ್ಚಿನಷ್ಟಿದ್ದ ಜೇಡಗಳು. ಬೆನ್ನ ಮೇಲೆ ಬೆಳ್ಳಿ ಅದ್ದಿದ ಹಾಗೆ ಹೊಳಪು. ದೊಡ್ಡ ಜೇಡ ಬಲೆಯ ಮೇಲ್ಗಡೆ ಒಂದು ನೊಣವನ್ನು ಸುತ್ತುತ್ತಿತ್ತು. ಆ ಹೊತ್ತಿನಲ್ಲಿ ಕೆಳಗಿನಿಂದ ಒಂದು ಬೆಳ್ಳಿಹನಿ ನಿಧಾನವಾಗಿ, ಒಂದೊಂದೇ ಎಳೆ ಹಿಡಿದು, ದೊಡ್ಡದು ಮೊದಲೇ ಸುತ್ತಿ ತೂಗುಹಾಕಿದ್ದ ಇನ್ನೊಂದು ಹುಳದ ಹತ್ತಿರ ಹೋಗಿ ಬಾಯಿ ಹಾಕಿತು. ದೊಡ್ಡದು ಒಂದು ಕಾಲು ಅಲ್ಲಾಡಿಸಿತೋ ಇಲ್ಲವೋ, ಇದು ಎಳೆ ಬಿಟ್ಟುಕೊಂಡು ಕೆಳಗೆ ಜೋತುಬಿತ್ತು. ಮತ್ತೆ ಎರಡು ನಿಮಿಷಕ್ಕೆ ಹಾಜರ್.

ನಾನು ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಈ ಪುಟಾಣಿಗಳು ತಾವು ಬೇಟೆಯಾಡುವುದಕ್ಕಿಂತ ಹೆಚ್ಚಾಗಿ ದೊಡ್ಡ ಜೇಡದ ಬಲೆಯಲ್ಲೇ ಬೀಡುಬಿಟ್ಟು, ಅದು ಹಿಡಿದದ್ದನ್ನು ಕದ್ದು ತಿಂದು ಬದುಕುತ್ತವಂತೆ. ಇಂಥ ಜೀವಿಗಳಿಗೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿದೆ, ಕ್ಲೆಪ್ಟೋಪ್ಯಾರಸೈಟ್. ನಾನು ಟೀಚರ್ ಗತ್ತಿನಲ್ಲಿ ಓದಿ ಅರ್ಥ ಹೇಳಿದೆ. ಕಡಲಿನಲ್ಲಿ ಒಂದು ಹಕ್ಕಿ ಇದೆಯಂತೆ, ಬೇರೆ ಹಕ್ಕಿ ಮೀನು ನುಂಗಿದ್ದರೆ ಅದು ಕಕ್ಕುವವರೆಗೂ ಅಟ್ಟಾಡಿಸಿ, ಕಕ್ಕಿದ್ದನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತದಂತೆ.

"ಥೂ! ಕಕ್ಕಿದ್ದನ್ನಾ?" ಎಂದಳು ವಿಶಾಲು. "ಅದಕ್ಕಿಂತ ನಂದೇ ವಾಸಿ." ಟಿಣ್. ನನ್ನ ತಟ್ಟೆಯ ಕೊನೆಯ ಬಾಳಕದ ಮೆಣಸಿನಕಾಯಿ ಹೋಯಿತು.

ಆಗ ನನಗೆ ಲೈಟು ಹತ್ತಿತು. ಡಾಕ್ಟರಿಗೆ ಲೆಕ್ಕ ಸಿಗದ ಶುಗರ್ ನನ್ನ ತಟ್ಟೆಯಲ್ಲಿತ್ತು. ನನಗೆ ಶುಗರ್ ಇಲ್ಲ, ಸಿಹಿಯೆಂದರೆ ಪ್ರಾಣ. ಅವಳು ತನ್ನ ಚಪಾತಿಯನ್ನು ಅರ್ಧಕ್ಕೆ ಬಿಟ್ಟು "ಸಾಕು" ಎನ್ನುವುದು, ಆಮೇಲೆ ನನ್ನ ತಟ್ಟೆಯಿಂದ ಅನ್ನ, ಆಲೂಗಡ್ಡೆ, ಸಿಹಿ.

ಕಾನ್ವೆಂಟಿನಲ್ಲಿ ಸಿಸ್ಟರ್ ಬರ್ನಡೆಟ್ ನಮಗೆ ಮೊದಲು ಕಲಿಸಿದ್ದೇ ಟೇಬಲ್ ಮ್ಯಾನರ್ಸ್. ಇನ್ನೊಬ್ಬರ ತಟ್ಟೆಯ ಮೇಲೆ ಕಣ್ಣು ಕೂಡ ಹಾಕಬಾರದು. ಅದು ನನ್ನ ಮೂಳೆಗೆ ಇಳಿದ ಪಾಠ. ಮರುದಿನವೇ ರೂಲ್ ಮಾಡಿದೆ. ಅವಳ ಊಟ ಹನ್ನೆರಡೂವರೆಗೆ, ನನ್ನದು ಒಂದೂವರೆಗೆ. ತಿಂಡಿಯೂ ಬೇರೆ ಬೇರೆ.

"ಒಬ್ಬರಿಗೆ ಒಂದು ತಟ್ಟೆ ವಿಶಾಲು. ಹೈಜೀನೂ ಹೌದು, ನಿನ್ನ ಕಣ್ಣಿನ ಪ್ರಶ್ನೆಯೂ ಹೌದು."

"ಸರಿ ಅತ್ತಿಗೆ," ಎಂದಳು. ಎದುರು ಮಾತಿಲ್ಲ. ಅದೇ ನನಗೆ ಅರ್ಥವಾಗಬೇಕಿತ್ತು.

ಒಂದು ವಾರ ಅವಳು ತನ್ನ ತಟ್ಟೆಯೆದುರು ಒಬ್ಬಳೇ ಕೂತಳು. ಎರಡು ತುತ್ತು ತಿಂದು ಏಳುತ್ತಿದ್ದಳು. ನಾನು ಕೇಳಿದರೆ "ಹೊಟ್ಟೆ ತುಂಬ್ತು." ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬಲೆ ನೋಡುವುದೇ ಕೆಲಸ. ದೊಡ್ಡ ಜೇಡಕ್ಕೆ "ಯಜಮಾನಿ" ಅಂತ ಹೆಸರಿಟ್ಟಿದ್ದಳು. ನಮ್ಮ ಮನೆಕೆಲಸಕ್ಕೆ ಸುದ್ದಗುಂಟೆಪಾಳ್ಯದಿಂದ ಬರುವ ಮಂಗಳಾಗೆ ರನ್ನಿಂಗ್ ಕಾಮೆಂಟರಿ ಬೇರೆ: "ಇವತ್ತು ಯಜಮಾನಿಗೆ ಮಿಡತೆ ಸಿಕ್ತು ಕಣೇ. ಆರು ಜನ ಕಳ್ಳರಿಗೂ ಹಬ್ಬ."

ಎಂಟನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಂಗಳಾ ಕೂಗಿಕೊಂಡಳು. ಓಡಿಬಂದು ನೋಡಿದರೆ ವಿಶಾಲು ಕುರ್ಚಿಯಲ್ಲಿ ವಾಲಿದ್ದಾಳೆ, ಮೈಯೆಲ್ಲ ಬೆವರು, ಕೈ ಗಡಗಡ, ನನ್ನನ್ನು ನೋಡಿ ಯಾರೋ ಅನ್ನುವ ನೋಟ. ಮಾತ್ರೆ ನುಂಗಿದ್ದಾಳೆ, ತಿಂಡಿ ತಿಂದಿಲ್ಲ. ಇಡ್ಲಿಯನ್ನು ಬಾಳೆಲೆ ಚೂರಿನಲ್ಲಿ ಸುತ್ತಿ ದಾಸವಾಳದ ಬುಡಕ್ಕೆ ಎಸೆದಿದ್ದಳು. ಶುಗರ್ ನೆಲ ಕಚ್ಚಿತ್ತು. ಸಕ್ಕರೆ ನೀರು ಕಲಸಿ ಕುಡಿಸಿದೆ.

"ಏನಮ್ಮಾ ಇದು?" ಮಂಗಳಾ ನನಗೇ ಬೈದಳು. "ವಯಸ್ಸಾದೋರ್ನ ಒಬ್ರನ್ನೇ ಕೂರ್ಸಿ ಊಟಕ್ಕಿಕ್ತಾರಾ? ನಾಯಿನೂ ತಿನ್ನಲ್ಲ ಹಂಗೆ."

ಕಾಲು ಗಂಟೆಯಲ್ಲಿ ವಿಶಾಲು ಚೇತರಿಸಿಕೊಂಡಳು. ನಾನು ಪಕ್ಕದಲ್ಲಿ ಕೂತೆ. "ಯಾಕೆ ತಿನ್ನಲಿಲ್ಲ ವಿಶಾಲು? ನಾನು ಹಾಕಿದ್ದರಲ್ಲಿ ಏನು ಕಮ್ಮಿಯಾಗಿತ್ತು?"

"ಕಮ್ಮಿ ಏನಿಲ್ಲ. ನಂಗೆ ಅಂತ ಹಾಕಿದ್ದು ಗಂಟಲಲ್ಲಿ ಇಳಿಯಲ್ಲ. ಅಭ್ಯಾಸ ಇಲ್ಲ." ಮುಂದಿನದನ್ನು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. ಆ ಮಾತು ಹೇಳಲು ಅವಳು ಐವತ್ತು ವರ್ಷ ತೆಗೆದುಕೊಂಡಿದ್ದಳು.

ನನ್ನ ಗಂಡನ ಮನೆ ತಿಪಟೂರಿನಲ್ಲಿ, ಕೊಬ್ಬರಿ ವ್ಯಾಪಾರದವರು. ದಿನಾ ಹದಿನೈದು ಜನರ ಊಟ. ವಿಶಾಲು ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಹಬ್ಬದ ಪಂಕ್ತಿಯಲ್ಲಿ ಅವಳಿಗೆ ಎಲೆ ಹಾಕುತ್ತಿರಲಿಲ್ಲ. ಎಲ್ಲರದ್ದೂ ಆದಮೇಲೆ ಅಡುಗೆಮನೆಯ ಮೂಲೆಯಲ್ಲಿ ಉಳಿದದ್ದು. ಸಿಹಿ ಉಳಿಯುತ್ತಲೇ ಇರಲಿಲ್ಲ. ಅದಕ್ಕೆ ಅವಳ ಅಣ್ಣ, ಅಂದರೆ ನನ್ನ ಯಜಮಾನರು, ಒಂದು ದಾರಿ ಹುಡುಕಿದ್ದರು. ತಮ್ಮ ತಟ್ಟೆಯಲ್ಲಿ ಅರ್ಧ ಒಬ್ಬಟ್ಟು, ತುಪ್ಪ ಹಾಕಿಸಿಕೊಂಡ ಒಂದು ಹಿಡಿ ಅನ್ನ ಬಿಟ್ಟು, "ಹೊಟ್ಟೆ ತುಂಬ್ತು" ಎಂದು ಏಳುವುದು. ತಟ್ಟೆ ಎತ್ತುವ ಕೆಲಸ ವಿಶಾಲುವಿನದು. ಯಾರೂ ಕೊಟ್ಟ ಹಾಗಿಲ್ಲ, ಯಾರನ್ನೂ ಕೇಳಿದ ಹಾಗಿಲ್ಲ.

"ಆಮೇಲೆ ನೀವು ಬಂದ್ರಿ," ಎಂದಳು. "ಹೊಸ ಸೊಸೆ. ಗಂಡನ ತಟ್ಟೆ ನಾನೇ ಎತ್ತುತ್ತೀನಿ ಅಂದ್ರಿ. ಎಲ್ರಿಗೂ ಖುಷಿ, ಕಾನ್ವೆಂಟ್ ಹುಡುಗಿ ಎಷ್ಟು ಒಳ್ಳೇಳು ಅಂತ. ನೀವು ತಟ್ಟೇಲಿದ್ದಿದ್ದನ್ನ ಹಸುವಿನ ಬಕೆಟ್ಟಿಗೆ ಹಾಕಿ, ಸೋಪ್ ಹಚ್ಚಿ ತೊಳೀತಿದ್ರಿ."

ನನಗೆ ನೆನಪಿತ್ತು. ಎಂಜಲು, ಅನ್‌ಹೈಜೀನಿಕ್ ಎಂದುಕೊಂಡು ಮೂಗು ಮುರಿದು ಬಕೆಟ್ಟಿಗೆ ಸುರಿದದ್ದು ನೆನಪಿತ್ತು. ಇಷ್ಟು ಒಳ್ಳೆಯ ಒಬ್ಬಟ್ಟು ಬಿಡುತ್ತಾರಲ್ಲ, ಈ ಮನುಷ್ಯನಿಗೆ ಅನ್ನದ ಬೆಲೆ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ.

"ನೀನು ಒಂದು ಮಾತು ಹೇಳಬಾರದಿತ್ತಾ? ಕೇಳಿದ್ದರೆ ನಾನೇ ಕೊಡುತ್ತಿದ್ದೆ."

"ಕೇಳಿದ್ರೆ ಎಲ್ರೂ ಕೊಡ್ತಿದ್ರು ಅತ್ತಿಗೆ. ಆಮೇಲೆ ಕೊಟ್ವಿ ಕೊಟ್ವಿ ಅಂತ ಹೇಳ್ತಾನೂ ಇರ್ತಿದ್ರು." ಅವಳು ನಕ್ಕಳು. "ಅಣ್ಣ ಒಂದ್ಸಲ ಕೇಳ್ದ, ಒಬ್ಬಟ್ಟು ಹೆಂಗಿತ್ತೇ ಅಂತ. ಚೆನ್ನಾಗಿತ್ತು ಅಂದೆ."

ಎರಡು ವರ್ಷ ಹಾಗೆ ನಡೆದಿತ್ತು, ನಾವು ಬೆಂಗಳೂರಿಗೆ ಬರುವವರೆಗೆ. ಯಜಮಾನರು ಸಾಯುವವರೆಗೂ ತಂಗಿಗೆ ಸಿಹಿ ಸಿಗುತ್ತಿತ್ತು ಎಂದೇ ತಿಳಿದಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಸಕ್ಕರೆ ನೀರಿನ ಲೋಟ ತೊಳೆದೆ. ಬಲೆಯಲ್ಲಿ ಕಳ್ಳ ಯಾರು ಎಂದು ನಾನು ಅಷ್ಟು ಜೋರಾಗಿ ಓದಿ ಹೇಳಿದ್ದೆನಲ್ಲ!

ಅಂದಿನ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತೆವು. ಅವಳ ತಟ್ಟೆಗೆ ಅರ್ಧ ಚಪಾತಿ, ಹೆಸರಿಗೆ ಮಾತ್ರ. ನನ್ನ ತಟ್ಟೆಗೆ ಹಾಗಲಕಾಯಿ ಪಲ್ಯ, ಮೆಂತ್ಯ ಸೊಪ್ಪಿನ ಹುಳಿ, ಚಿಕ್ಕದೊಂದು ರಾಗಿ ಮುದ್ದೆ, ಸೌತೆಕಾಯಿ. ಹಾಗಲಕಾಯಿ ಎಂದರೆ ನನಗೆ ಬಾಲ್ಯದಿಂದ ಆಗದು. ಒಂದು ಚೂರು ಬಾಯಿಗಿಟ್ಟು, "ಆಹಾ, ಎಷ್ಟು ಚೆನ್ನಾಗಿದೆ" ಎಂದೆ. ಶಾಲೆಯ ನಾಟಕಗಳಲ್ಲಿ ಪ್ರೈಜು ಗೆದ್ದವಳು ನಾನು. ಆಮೇಲೆ ಬೇಕೆಂದೇ ಮುಖ ತಿರುಗಿಸಿ ಕಿಟಕಿ ನೋಡಿದೆ. ಯಜಮಾನಿ ಅಲ್ಲಾಡದೆ ಕೂತಿದ್ದಳು. ಬೆಳ್ಳಿಹನಿಯೊಂದು ಎಳೆ ಹಿಡಿದು ಹೊರಟಿತ್ತು.

ಟಿಣ್.

ದೇವರೇ, ಆ ಸದ್ದು ಅಷ್ಟು ಇಂಪಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಹಾಗೆ ಶುರುವಾಯಿತು ನಮ್ಮ ಹೊಸ ಟೈಮ್‌ಟೇಬಲ್ಲು. ಡಯಟ್ ಚಾರ್ಟಿನಲ್ಲಿ ಅವಳಿಗೆಂದು ಬರೆದದ್ದೆಲ್ಲ ನನ್ನ ತಟ್ಟೆಗೆ ಬೀಳುತ್ತಿತ್ತು. ಅವಳು ಕದಿಯುತ್ತಿದ್ದಳು. ಮನೆಯಿಂದ ಸಿಹಿಡಬ್ಬಿ ಮಾಯವಾಯಿತು. ಅದರಿಂದ ಹಾಳಾದವಳು ನಾನು. ಸಂಜೆ ವಾಕಿಂಗ್ ನೆಪದಲ್ಲಿ ಮೂಲೆಯ ಬೇಕರಿಗೆ ಹೋಗಿ, ಗೋಡೆಯ ಕಡೆ ತಿರುಗಿ ನಿಂತು ಕೊಬ್ಬರಿ ಪುಡಿ ಉದುರಿಸಿದ ಒಂದು ಹನೀ ಕೇಕ್ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಒಂದು ದಿನ ಬಾಗಿಲು ತೆರೆದ ವಿಶಾಲು ಎಡಗಣ್ಣನ್ನು ಕಿರಿದು ಮಾಡಿ ನೋಡಿದಳು.

"ಅತ್ತಿಗೆ, ಸೆರಗಿನ ಮೇಲೆ ಕೊಬ್ಬರಿ ಪುಡಿ."

"ಯಾವುದೋ ಹೂವಿನ ಪುಡಿ ಬಿದ್ದಿರಬೇಕು."

"ಹೂಂ, ಬೇಕರಿ ಮುಂದೆ ಒಳ್ಳೇ ಹೂವಿನ ಮರ ಇರ್ಬೇಕು."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಮಳೆಗಾಲ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತಿತ್ತು, ನಾಲ್ಕಕ್ಕೆ ಒಂದು ಜಡಿ ಮಳೆ, ರಸ್ತೆಯಲ್ಲಿ ಹಳದಿ ಹೂವಿನ ರಾಶಿ, ಕರೆಂಟು ಹೋಗುವುದು, ನಾವಿಬ್ಬರೂ ಕಿಟಕಿಗೆ ಕುರ್ಚಿ ಎಳೆದುಕೊಂಡು ಬಲೆ ಹರಿಯಿತೇ ಎಂದು ನೋಡುವುದು. ಹರಿದಿರುತ್ತಿತ್ತು. ಬೆಳಗಾಗುವಷ್ಟರಲ್ಲಿ ಯಜಮಾನಿ ಮತ್ತೆ ಕಟ್ಟಿರುತ್ತಿದ್ದಳು. ಕಳ್ಳರೂ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಹೊಳೆಯುತ್ತಿದ್ದರು.

ಗಣೇಶನ ಹಬ್ಬ ಕಳೆದು ಎರಡು ವಾರಕ್ಕೆ ಟೆಸ್ಟ್ ಮಾಡಿಸಿದೆವು. ಶುಗರ್ ಇಳಿದಿತ್ತು. ಡಾಕ್ಟರ್ ರಿಪೋರ್ಟನ್ನು ಎರಡು ಸಲ ನೋಡಿ, "ಏನ್ ಮಾಡಿದ್ರಿ ಆಂಟಿ?" ಎಂದಳು. ವಿಶಾಲು ನನ್ನ ಕಡೆ ಬೆರಳು ತೋರಿಸಿ, "ಇವ್ರ ಊಟ ನಾನ್ ಮಾಡ್ದೆ," ಎಂದಳು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಡೇಟ್ ಕೊಟ್ಟಳು.

ವಾಪಸ್ ಬರುವಾಗ ಆಟೋದಲ್ಲಿ ನಾನು ಗೆದ್ದ ಖುಷಿಯಲ್ಲಿದ್ದೆ. ವಿಶಾಲು ಮೆಲ್ಲಗೆ, "ನಿಮ್ಗೆ ಹಾಗಲಕಾಯಿ ಕಂಡ್ರಾಗಲ್ಲ ಅಂತ ನಂಗೆ ಗೊತ್ತಿಲ್ವಾ ಅತ್ತಿಗೆ?" ಎಂದಳು.

"ಗೊತ್ತಿದ್ದೂ ಕದ್ಯಾ?"

"ನೀವು ಬಿಡ್ತಿದ್ರಿ. ನಾನ್ ತಗೊಂಡೆ."

ಮಹಾಲಯ ಅಮಾವಾಸ್ಯೆಗೆ ಮುಂಚೆ ಮಂಗಳಾ ಬಲೆ ಹೊಡೆಯುವ ಉದ್ದ ಕೋಲು ಹಿಡಿದು ಹಿತ್ತಲಿಗೆ ಬಂದಳು. ವಿಶಾಲು ಕಿಟಕಿಗೆ ಅಡ್ಡ ನಿಂತಳು.

"ಜೇಡರ ಬಲೆ ಇಟ್ಕೊಂಡು ಯಾರಾದ್ರೂ ಗೊಂಬೆ ಕೂರುಸ್ತಾರಾ ಅಕ್ಕ? ದರಿದ್ರ!"

"ಅದು ಮನೆ ಒಳಗಿಲ್ಲ, ಆಚೆ ಇದೆ. ನೀನು ಒಳಗಿಂದು ನೋಡ್ಕೋ."

"ಹಂಗಾದ್ರೆ ಅದಕ್ಕೂ ಒಂದು ಆರತಿ ಎತ್ತಿ," ಎಂದು ಮಂಗಳಾ ಕೋಲು ಹೆಗಲಿಗೆ ಹಾಕಿಕೊಂಡು ಹೋದಳು. ಬಲೆ ಉಳಿಯಿತು. ಬಲಗಣ್ಣಿನ ಆಪರೇಷನ್ ಆಯುಧಪೂಜೆಗೆ ಒಂದು ವಾರ ಮುಂಚೆ ಆಯಿತು. ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ಹೋಗಿ ನಿಂತದ್ದು ಹಿತ್ತಲ ಕಿಟಕಿಗೆ. "ಕಳ್ಳರು ಆರಲ್ಲ ಅತ್ತಿಗೆ, ಏಳು ಜನ," ಎಂದು ಎಣಿಸಿ ಹೇಳಿದಳು.

ದೀಪಾವಳಿಯ ಹೊತ್ತಿಗೆ ಯಜಮಾನಿಯ ಮೈ ಇಳಿದಿತ್ತು. ಒಂದು ಬೆಳಿಗ್ಗೆ ಬಲೆ ಖಾಲಿ. ದಾಸವಾಳದ ಎಲೆಯ ಮರೆಯಲ್ಲಿ ರೇಷ್ಮೆಯ ಪುಟ್ಟ ಗಂಟು, ಮೊಟ್ಟೆಯದು. ಬೆಳ್ಳಿಹನಿಗಳು ಎರಡು ದಿನ ಹರಿದ ಎಳೆಗಳಲ್ಲಿ ಓಡಾಡಿ ಎಲ್ಲಿಗೋ ಹೋದವು. ಅದರ ಮರುವಾರ ವಿಶಾಲುವೂ ರೆಕ್ಸಿನ್ ಬ್ಯಾಗು ಹೊರಗೆ ತೆಗೆದಳು. ಇರು ಎಂದೆ. ಎರಡು ರೂಮು ಇದೆ, ಇರು ಎಂದೆ.

"ಇಲ್ಲ, ಅಲ್ಲಿ ಸ್ಕೂಲಿಂದ ಬಂದ್ರೆ ಮಗು ಒಂದೇ ಆಗುತ್ತೆ. ಬರ್ತಾ ಇರ್ತೀನಿ. ಊಟದ ಹೊತ್ತಿಗೇ ಬರ್ತೀನಿ."

ಬಂದಳು ಕೂಡ. ತಿಂಗಳಿಗೆ ಎರಡು ಸಲವಾದರೂ, ಶ್ರೀನಗರದಿಂದ ತಾನೇ ಬಸ್ಸು ಹಿಡಿದು. "ಬಸ್ಸೂ ಫ್ರೀ, ಕಣ್ಣೂ ಹೊಸ್ದು. ಯಾರನ್ನೂ ಕೇಳಂಗಿಲ್ಲ," ಎನ್ನುತ್ತಾ ಒಳಗೆ ಬರುವಳು. ಆ ದಿನಗಳಲ್ಲಿ ನಾನು ಮರೆಯದೆ ಹಾಗಲಕಾಯಿ ತರಿಸುತ್ತಿದ್ದೆ.

ಕೊನೆಯ ಸಲ ಅವಳನ್ನು ನೋಡಿದ್ದು ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ, ನೆಂಟರ ಮದುವೆಯಲ್ಲಿ. ಪಂಕ್ತಿಯಲ್ಲಿ ಇಬ್ಬರಿಗೂ ಅಕ್ಕಪಕ್ಕ ಎಲೆ. ಒಬ್ಬಟ್ಟು ಬಂತು, ಮೇಲೆ ತುಪ್ಪ. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಅವಳು ತನ್ನದರಲ್ಲಿ ಅರ್ಧ ತಿಂದಳು, ಇನ್ನರ್ಧವನ್ನು ನೀಟಾಗಿ ಮಡಿಸಿ ಎಲೆಯ ಈ ಕಡೆಯ ಅಂಚಿಗೆ, ನನ್ನ ಕಡೆಗೆ, ಸರಿಸಿದಳು.

"ಹೊಟ್ಟೆ ತುಂಬ್ತು," ಎಂದು ಎದ್ದಳು. "ನಂಗೆ ಬಸ್ಸಿಗೆ ಹೊತ್ತಾಯ್ತು ಅತ್ತಿಗೆ. ನೀವು ನಿಧಾನಕ್ಕೆ ಬನ್ನಿ." ಎಲೆ ಮಡಿಸಲಿಲ್ಲ. ಹಾಗೇ ಬಿಟ್ಟು ಹೋದಳು.

ನಾನು ಆ ಕಡೆ ಈ ಕಡೆ ನೋಡಿದೆ. ಸಿಸ್ಟರ್ ಬರ್ನಡೆಟ್ ಎಲ್ಲೋ ಮೇಲಿನಿಂದ ನೋಡುತ್ತಿದ್ದರೆ ಅವರು ನನ್ನನ್ನು ಕ್ಷಮಿಸಲಿ. ಕೈ ಚಾಚಿ, ಪಕ್ಕದ ಎಲೆಯ ಅರ್ಧ ಒಬ್ಬಟ್ಟನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ನನ್ನ ಎರಡು ಬಳೆ ಟೇಬಲ್ಲಿಗೆ ತಾಗಿ ಗಲ್ ಎಂದವು.

ಕೈ ತೊಳೆದು ಗೇಟಿಗೆ ಬಂದಾಗ ಅವಳು ರಸ್ತೆಯಾಚೆ ಸ್ಟಾಪಿನಲ್ಲಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ದೂರದಿಂದ ಬರುತ್ತಿದ್ದ ಬಸ್ಸಿನ ನಂಬರು ಓದುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಯಾರೋ ಹೆಂಗಸು ಏನೋ ಕೇಳಿದಳು. ವಿಶಾಲು ಬಸ್ಸಿನ ಕಡೆ ಬೆರಳು ತೋರಿಸಿ ಅವಳಿಗೆ ನಂಬರು ಹೇಳಿದಳು. ಆಮೇಲೆ ಕಂಬಿ ಹಿಡಿದಳು, ಆ ತಂತಿಯಂಥ ಬಳೆ ಒಮ್ಮೆ ಬಿಸಿಲಿಗೆ ಹೊಳೆಯಿತು, ಹತ್ತಿ ಹೋದಳು.